ಮುದ್ರಪ್ಪನವರ ಪ್ರೊಗ್ರೆಸಿವ್ ರಾಕ್

ಆ ದಿನ ಮುದ್ರಪ್ಪನವರು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಅದು ಟೀ ಹೊತ್ತು. ಟೀ ಕುಡಿಯಬೇಕಾದರೆ ಬಾಯಿ ತೆರೆಯಬೇಕು; ತೆರೆದ ಬಾಯಿಂದ ಒಂದು ಮಾತು ಜಾರಿತು. ಇದರಲ್ಲಿ ಅವರ ತಪ್ಪು ಎಷ್ಟು, ಟೀಯ ತಪ್ಪು ಎಷ್ಟು ಎಂಬುದನ್ನು ಓದುಗರೇ ತೂಗಿ ನೋಡಬೇಕು.

ಮುದ್ರಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಅಂಗಡಿಯವರು ಇಟ್ಟದ್ದು. ಅವರು ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಕಿರಾಣಿ ಅಂಗಡಿಯ ತಕ್ಕಡಿ, ಬಟ್ಟೆ ಅಂಗಡಿಯ ಮೀಟರ್ ಕೋಲು, ಪೆಟ್ರೋಲ್ ಬಂಕಿನ ಪಂಪು ಇವೆಲ್ಲ ಸರಿಯಾಗಿವೆಯೇ ಎಂದು ನೋಡುವುದು, ಸರಿಯಿದ್ದರೆ ತಂತಿ ಸುತ್ತಿ, ಅದರ ತುದಿಗೆ ಸೀಸದ ಬಿಲ್ಲೆ ಸಿಕ್ಕಿಸಿ, ಇಕ್ಕಳದಿಂದ ಒತ್ತಿ ಮುದ್ರೆ ಹಾಕುವುದು ಅವರ ಕೆಲಸ. ಬೇರೆ ಗಂಡಸರ ಜೇಬಿನಲ್ಲಿ ಬಾಚಣಿಗೆ ಇರುವ ಕಡೆ ಅವರ ಜೇಬಿನಲ್ಲಿ ಆ ಇಕ್ಕಳ ಇರುತ್ತಿತ್ತು. ಮದುವೆ ಮನೆಗೆ ಹೋದರೂ ಅದನ್ನು ಮನೆಯಲ್ಲಿ ಬಿಟ್ಟು ಹೋದವರಲ್ಲ.

ಇಷ್ಟು ವರ್ಷಗಳ ನೌಕರಿಯಲ್ಲಿ ಅವರು ತಪ್ಪು ಅಳತೆಗೆ ಒಂದೇ ಒಂದು ಸಲವೂ ಮುದ್ರೆ ಹಾಕಿರಲಿಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ಅವರ ಭಾವಮೈದುನನನ್ನು ಕೇಳಬಹುದು. ಕೇಳದಿದ್ದರೂ ಅವನು ಹೇಳುತ್ತಾನೆ. ಹೆಂಡತಿಯ ಸ್ವಂತ ತಮ್ಮ, ಅದೇ ಬೀದಿಯ ಕಿರಾಣಿ ಅಂಗಡಿಯವನು. ಒಂದು ವರ್ಷ ಅವನ ತಕ್ಕಡಿ ಗಿರಾಕಿಗೆ ಕೂದಲೆಳೆಯಷ್ಟು ಕಡಿಮೆ ತೂಗುತ್ತಿತ್ತು.

"ಗಾಳಿಗೆ ಹಾಗಾಗುತ್ತೆ ಭಾವ," ಎಂದ ಭಾವಮೈದುನ.

ಮುದ್ರಪ್ಪನವರು ಫ್ಯಾನ್ ನಿಲ್ಲಿಸಿದರು. ಬಾಗಿಲು ಮುಚ್ಚಿದರು. ಭಾವಮೈದುನನಿಗೆ ಉಸಿರು ಬಿಗಿಹಿಡಿಯಲು ಹೇಳಿದರು. ತಕ್ಕಡಿ ಆಗಲೂ ಕೂದಲೆಳೆಯಷ್ಟು ಕಡಿಮೆಯೇ ತೋರಿಸಿತು. ಮುದ್ರೆ ಬೀಳಲಿಲ್ಲ, ತಕ್ಕಡಿ ಇಲಾಖೆಯ ಗೋದಾಮಿಗೆ ಹೋಯಿತು. ಅಂದಿನಿಂದ ಭಾವಮೈದುನ ಅಕ್ಕನ ಮನೆಯಲ್ಲಿ ಒಂದು ತುತ್ತು ಉಂಡವನಲ್ಲ. ಬರುತ್ತಿದ್ದ, ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ, ನೀರು ಕುಡಿದು ಹೋಗುತ್ತಿದ್ದ.

ಇಂಥ ಮನುಷ್ಯನಿಗೆ ನಿವೃತ್ತಿ ಹತ್ತಿರ ಬಂದಿತ್ತು. ಅಷ್ಟರಲ್ಲಿ ಕಚೇರಿಗೆ ಹೊಸ ಸಾಹೇಬರು ಬಂದರು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ಬಂದ ದಿನವೇ ತಮ್ಮ ಕೋಣೆಯ ಗೋಡೆಯ ಮೇಲಿದ್ದ ಅಳತೆ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಒಂದು ಚಿತ್ರ ಅಂಟಿಸಿದರು. ಚಿತ್ರದಲ್ಲಿ ಒಂದು ಗುಡ್ಡ ಆಕಾಶದಲ್ಲಿ ತೇಲುತ್ತಿತ್ತು. ಗುಡ್ಡದಿಂದ ಒಂದು ಮೆಟ್ಟಿಲು ಇಳಿದು ಎಲ್ಲಿಗೂ ಹೋಗದೆ ನಿಂತಿತ್ತು. ಕಚೇರಿಯವರು ಇದು ಹೊಸ ಕಟ್ಟಡದ ನಕ್ಷೆ ಇರಬೇಕೆಂದು ತಿಳಿದು ಗೌರವದಿಂದ ನೋಡಿದರು.

ಟೀ ಹೊತ್ತಿನಲ್ಲಿ ಸಾಹೇಬರು ಎಲ್ಲರನ್ನೂ ಪರಿಚಯ ಮಾಡಿಕೊಳ್ಳುತ್ತ, ಯಾರಿಗೆ ಯಾವ ಸಂಗೀತ ಇಷ್ಟ ಎಂದು ಕೇಳಿದರು. ಟೈಪಿಸ್ಟ್ ಹಳೇ ಸಿನಿಮಾ ಹಾಡು ಎಂದಳು. ಜೀಪಿನ ಡ್ರೈವರ್ ಹೊಸ ಸಿನಿಮಾ ಹಾಡು ಎಂದ. ಗೋದಾಮಿನವನು ಸಾಹೇಬರಿಗೆ ಯಾವುದು ಇಷ್ಟವೋ ಅದೇ ಎಂದ.

"ನಾನು ಪ್ರೊಗ್ರೆಸಿವ್ ರಾಕ್ ಬಿಟ್ಟು ಬೇರೆ ಏನೂ ಕೇಳೋದಿಲ್ಲ ಸರ್," ಎಂದರು ಮುದ್ರಪ್ಪನವರು.

ಜಾರಿದ ಮಾತು ಇದೇ. ಸಾಹೇಬರ ಕೈಯಲ್ಲಿದ್ದ ಬಿಸ್ಕತ್ತು ಟೀಯೊಳಗೆ ಬಿದ್ದು ಮುಳುಗಿತು. ಅವರು ಅದನ್ನು ಎತ್ತಲೂ ಹೋಗಲಿಲ್ಲ. ಅವರ ಗೋಡೆಯ ಮೇಲಿನ ತೇಲುವ ಗುಡ್ಡ ಅಂಥದೇ ಒಂದು ರಾಕ್ ರೆಕಾರ್ಡಿನ ಹೊದಿಕೆಯ ಚಿತ್ರವಾಗಿತ್ತು.

"ನೀವಾ? ಯಾವಾಗಿಂದ?"

"ಇಪ್ಪತ್ತರ ವಯಸ್ಸಿಂದ ಸರ್."

ಸಾಹೇಬರು ಉಸಿರು ಬಿಡದೆ ಒಂದಾದ ಮೇಲೊಂದು ಬ್ಯಾಂಡುಗಳ ಹೆಸರು ಹೇಳಿದರು. ಮುದ್ರಪ್ಪನವರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಎಲ್ಲ ಕೇಳಿದ್ದರು, ಗೆಳೆಯರ ಮನೆಯ ಕ್ಯಾಸೆಟ್‌ನಲ್ಲಿ.

"ಒಳ್ಳೇ ಹುಡುಗರು ಸರ್. ಕಷ್ಟಪಟ್ಟಿದ್ದಾರೆ. ಆದ್ರೆ ಆತುರ ಜಾಸ್ತಿ."

"ಆತುರವಾ?"

"ಒಬ್ಬರಿಗೂ ತಾಳ್ಮೆ ಇಲ್ಲ ಸರ್. ಬಸ್ಸು ಹೊರಟುಹೋಗುತ್ತೆ ಅನ್ನೋ ಹಾಗೆ ನುಡಿಸ್ತಾರೆ. ನನ್ನ ಹತ್ರ ಒಂದು ರೆಕಾರ್ಡ್ ತಟ್ಟೆ ಇದೆ. ಅದನ್ನ ಕೇಳಿದ ಮೇಲೆ ಇವರೆಲ್ಲ ಮಕ್ಕಳಾಟ."

ಈ ತಟ್ಟೆಯ ಚರಿತ್ರೆಯನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಮುದ್ರಪ್ಪನವರು ಯುವಕರಾಗಿದ್ದಾಗ ಅವರ ಸೋದರಮಾವ ಒಂದು ಹರಾಜಿನಲ್ಲಿ ಹೊಲಿಗೆ ಯಂತ್ರ ಎಂದು ತಿಳಿದು ಒಂದು ಮುಚ್ಚಿದ ಪೆಟ್ಟಿಗೆ ಕೊಂಡರು. ತೆರೆದರೆ ಒಳಗೆ ರೆಕಾರ್ಡ್ ಪ್ಲೇಯರ್, ಅದರ ಮೇಲೆ ಒಂದೇ ಒಂದು ತಟ್ಟೆ. ತಟ್ಟೆಯ ನಡುವಿನ ಕಾಗದವನ್ನು ಹುಳು ತಿಂದು, ಯಾವುದೋ ಗೊತ್ತಿಲ್ಲದ ಲಿಪಿಯ ಚೂರುಗಳ ನಡುವೆ ೩೩ ಎಂಬ ಅಂಕಿ ಮಾತ್ರ ಉಳಿದಿತ್ತು. ಹೊಲಿಯಲು ಬಾರದ ಯಂತ್ರ ಮನೆಯಲ್ಲಿ ಯಾಕೆಂದು ಸೋದರಮಾವ ಅದನ್ನು ಅಳಿಯನಿಗೆ ದಾಟಿಸಿದರು. ಪೆಟ್ಟಿಗೆಯ ಬಲಗಡೆ ಒಂದು ಸಣ್ಣ ಹಿಡಿ ಇತ್ತು. ತುಕ್ಕು ಹಿಡಿದು ಒಂದೇ ಕಡೆ ಕೂತುಬಿಟ್ಟಿತ್ತು. "ಕೂತಿದ್ದನ್ನ ಎಬ್ಬಿಸಬೇಡ" ಎಂದು ಸೋದರಮಾವ ಎಚ್ಚರಿಕೆ ಕೊಟ್ಟಿದ್ದರು. ಅಳಿಯ ಎಬ್ಬಿಸಲಿಲ್ಲ.

ಬಾಡಿಗೆ ಕೋಣೆಯಲ್ಲಿ ಮೊದಲ ಸಲ ಸೂಜಿ ಇಟ್ಟಾಗ ಅವರಿಗೆ ಭಯವಾಯಿತು. ನೆಲದಡಿಯಿಂದ ಬಂದಂಥ ಗಂಭೀರ ಡೋಲು. ಒಂದು ಪೆಟ್ಟು ಬಿದ್ದ ಮೇಲೆ ಇನ್ನೊಂದು ಬರುವುದೋ ಇಲ್ಲವೋ ಎಂದು ಅನುಮಾನ ಹುಟ್ಟುವಷ್ಟು ಹೊತ್ತು ಬಿಟ್ಟು ಇನ್ನೊಂದು. ನಡುವೆ ಯಾವುದೋ ದೊಡ್ಡ ಪ್ರಾಣಿ ಸಮುದ್ರದ ಆಚೆಯಿಂದ ಕೂಗಿದಂಥ ಒಂದು ಊಳು. ಆ ಊಳು ಬಂದಾಗಲೆಲ್ಲ ತಾಳ ಬದಲಾಗುತ್ತಿತ್ತು. ಆಮೇಲೆ ಗಂಡಸರ ಗುಂಪೊಂದು, ಪ್ರಪಂಚದ ಎಲ್ಲ ದುಃಖ ಕಂಡವರ ಹಾಗೆ, ಎಂಟೇ ಎಂಟು ಮಾತು ಹೇಳುತ್ತಿತ್ತು: ಊ...ನ್, ತೋ...ರ್, ಮಾ...ಲ್ಕ್, ಸೀ...ಪ್, ಪೇ...ಡ್, ಆ...ಶ್ಕ, ರೂ...ಮ್, ಓ...ತ್. ಆಮೇಲೆ ಮೌನ. ಮತ್ತೆ ಅದೇ ಎಂಟು. ಒಂದು ಬದಿ ಮುಗಿಯಲು ನಲವತ್ತು ನಿಮಿಷ ಹಿಡಿಯುತ್ತಿತ್ತು.

ಇದು ಏನೆಂದು ಅವರಿಗೆ ತಿಳಿದದ್ದು ಕ್ಷೌರದ ಅಂಗಡಿಯಲ್ಲಿ. ಅಲ್ಲಿನ ಹಳೇ ಪತ್ರಿಕೆಯೊಂದರಲ್ಲಿ ಪ್ರೊಗ್ರೆಸಿವ್ ರಾಕ್ ಎಂಬುದರ ಲಕ್ಷಣ ಬರೆದಿತ್ತು: ಹಾಡು ಬಹಳ ಉದ್ದ, ತಾಳ ಮತ್ತೆ ಮತ್ತೆ ಬದಲಾಗುತ್ತದೆ, ವಿಚಿತ್ರ ಶಬ್ದಗಳು ಇರುತ್ತವೆ, ಅರ್ಥ ಸುಲಭಕ್ಕೆ ಸಿಗುವುದಿಲ್ಲ. ಕ್ಷೌರಿಕ ಕತ್ತರಿ ಹಿಡಿದಿದ್ದಾಗಲೇ ಮುದ್ರಪ್ಪನವರು ಎದ್ದು ನಿಂತರು. ಒಂದೂ ಬಿಡದೆ ಎಲ್ಲ ಲಕ್ಷಣವೂ ಕೂಡಿ ಬಂದಿತ್ತು. ಅಂದಿನಿಂದ ಅವರು ಪ್ರೊಗ್ರೆಸಿವ್ ರಾಕ್‌ನವರು. ಎಡಗಿವಿಯ ಮೇಲಿನ ಕೂದಲು ಮಾತ್ರ ಆ ತಿಂಗಳೆಲ್ಲ ಸ್ವಲ್ಪ ಗಿಡ್ಡವಾಗಿತ್ತು.

"ಆ ರೆಕಾರ್ಡಿನ ಹೆಸರೇನು?" ಎಂದು ಸಾಹೇಬರು ಕೇಳಿದರು.

"ಮೂವತ್ತಮೂರು ಸರ್. ಒಂದೊಂದು ಬದಿಗೆ ನಲವತ್ತು ನಿಮಿಷ."

"ಒಂದು ಬದಿಗೆ ನಲವತ್ತು ನಿಮಿಷ ಅಂದ್ರಲ್ಲ, ಅಷ್ಟು ಹಿಡಿಸೋದೇ ಇಲ್ವಲ್ಲ!"

"ಹಿಡಿಸಿದ್ದಾರೆ ಸರ್," ಎಂದರು ಮುದ್ರಪ್ಪನವರು. "ಅದೇ ಅವರ ಸಾಧನೆ."

ಸಾಹೇಬರು ಆ ಸಂಜೆಯೇ ತಮ್ಮ ಗೆಳೆಯರ ಗುಂಪಿಗೆ ಸುದ್ದಿ ಕಳಿಸಿದರು. ಬೇರೆ ಬೇರೆ ಊರಿನ, ನಿದ್ದೆಗಿಂತ ಸಂಗೀತ ದೊಡ್ಡದೆಂದುಕೊಂಡ ಜನ ಅವರು. ಬೆಳಗಾಗುವುದರೊಳಗೆ ಗುಂಪು ಎರಡು ಪಕ್ಷವಾಗಿತ್ತು. ಒಂದು ಪಕ್ಷದ ಪ್ರಕಾರ 'ಮೂವತ್ತಮೂರು' ಒಂದು ತಂಡ ಜೈಲಿನಲ್ಲಿದ್ದು ಗುಟ್ಟಾಗಿ ಮಾಡಿದ ಕೃತಿ. ಇನ್ನೊಂದರ ಪ್ರಕಾರ ಆ ತಂಡದವರು ಅದನ್ನು ಮುಗಿಸಿದ ಮೇಲೆ ಇನ್ನು ಹೇಳುವುದೇನೂ ಉಳಿಯಲಿಲ್ಲವೆಂದು ವಾದ್ಯಗಳನ್ನು ನದಿಗೆ ಎಸೆದರು. ತಾನು ಅದರ ಎರಡನೇ ಬದಿಯನ್ನು ಚಿಕ್ಕಂದಿನಲ್ಲಿ ಕೇಳಿದ್ದೇನೆ ಎಂದು ಒಬ್ಬ ಆಣೆ ಇಟ್ಟು ಹೇಳಿದ.

ಕಚೇರಿಯಲ್ಲಿ ಮುದ್ರಪ್ಪನವರ ತೂಕ ಒಂದೇ ವಾರದಲ್ಲಿ ಏರಿತು. ಟೈಪಿಸ್ಟ್ ಹಳೇ ಸಿನಿಮಾ ಹಾಡು ಬಿಟ್ಟು ಮೌನವಾಗಿ ಟೈಪ್ ಮಾಡತೊಡಗಿದಳು. ಡ್ರೈವರನಿಗೆ ಬೇಗ ಓಡಿಸಪ್ಪ ಎಂದರೆ "ಆತುರ ಬೇಡ ಸರ್, ತಾಳ್ಮೆ ಇರ್ಲಿ" ಎನ್ನುತ್ತಿದ್ದ. ಸಾಹೇಬರು ಒಂದು ತೀರ್ಮಾನ ಮಾಡಿಬಿಟ್ಟರು. ಬೀಳ್ಕೊಡುಗೆಯ ದಿನ ಭಾಷಣ ಬೇಡ, ಉಡುಗೊರೆ ಗಡಿಯಾರ ಬೇಡ. ಕಚೇರಿಯ ಸಭಾಂಗಣದಲ್ಲಿ ಎಲ್ಲರೂ ಕೂತು 'ಮೂವತ್ತಮೂರು' ಕೇಳುವುದು. ಇಲಾಖೆಯ ನಿರ್ದೇಶಕರನ್ನೂ ಕರೆಯುವುದು.

ಮುದ್ರಪ್ಪನವರು ಒಂದೇ ಮಾತಿಗೆ ಒಪ್ಪಿದರು. ಅದಕ್ಕೆ ಕಾರಣವಿತ್ತು. ಅವರ ಮುಂಚೆ ನಿವೃತ್ತರಾದವರ ಬಗ್ಗೆ ಜನ ಏನಾದರೂ ಹೇಳುತ್ತಿದ್ದರು, ಒಬ್ಬರು ಚೆನ್ನಾಗಿ ಚೆಸ್ ಆಡುತ್ತಿದ್ದರು, ಒಬ್ಬರ ಅಕ್ಷರ ಮುತ್ತಿನಂತಿತ್ತು ಎಂದು. ತಮ್ಮ ಬಗ್ಗೆ ಹೇಳುವುದಕ್ಕೆ ಇಕ್ಕಳ ಒಂದೇ ಇತ್ತು. ಜೀವನವೆಲ್ಲ ಬೇರೆಯವರ ತೂಕ ನೋಡಿದ ಮನುಷ್ಯನಿಗೆ ತನ್ನದೂ ಒಂದು ತೂಕ ಇದೆ ಎಂದು ಒಂದೇ ಒಂದು ಸಂಜೆಯಾದರೂ ತೋರಿಸಬೇಕೆಂಬ ಆಸೆ ಇದ್ದರೆ ಅದು ದುರಾಸೆಯಲ್ಲ.

ಮನೆಯಲ್ಲಿ ಹೆಂಡತಿಗೆ ಈ ಸುದ್ದಿ ಹಿಡಿಸಲಿಲ್ಲ.

"ಅದನ್ನ ಅಲ್ಲಿಗೆ ಯಾಕ್ರೀ ತಗೊಂಡು ಹೋಗ್ತೀರಿ? ಅದು ನಮ್ಮನೇದು."

"ನಿರ್ದೇಶಕರು ಬರ್ತಾರೆ ಕಣೇ."

"ಬರ್ಲಿ. ಅವರಿಗೆ ಬೇರೆ ಏನಾದ್ರೂ ಕೇಳಿಸಿ. ಊರಲ್ಲಿ ಹಾಡಿಗೇನು ಬರವೇ?"

ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಪ್ಲೇಯರನ್ನು ಅಟ್ಟದಿಂದ ಕೆಳಗಿಳಿಸಿ ನೋಡಿದರೆ ಸೂಜಿ ಮುರಿದಿತ್ತು, ರಬ್ಬರ್ ಪಟ್ಟಿ ಸವೆದು ದಾರವಾಗಿತ್ತು. ಮಗಳು ಹುಟ್ಟಿದ ಮೇಲೆ ಮೇಲಿಟ್ಟದ್ದು. ಮಗಳಿಗೆ ಈಗ ತನ್ನದೇ ಸಂಸಾರ. ಇಷ್ಟು ವರ್ಷ ಅವರು ಆ ಕೃತಿಯನ್ನು ಬರೀ ನೆನಪಿನಲ್ಲಿ ಕೇಳಿಕೊಂಡು ಬಂದಿದ್ದರು, ಅಲ್ಲೂ ಅದು ನಿಧಾನವಾಗಿಯೇ ಸಾಗುತ್ತಿತ್ತು.

ರಿಪೇರಿ ಅಂಗಡಿಯವನು ಸಣ್ಣ ಮಾತಿಗೂ ನೊಂದುಕೊಳ್ಳುವ ಆಸಾಮಿ. ಎಷ್ಟು ದಿನ ಬೇಕು ಎಂದು ಕೇಳಿದರೆ ತನ್ನ ಕೆಲಸದ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳುತ್ತಿದ್ದ. ಬೀಳ್ಕೊಡುಗೆಯ ಸಂಜೆ ಪೆಟ್ಟಿಗೆಯನ್ನು ಅವನೇ ನೇರವಾಗಿ ಸಭಾಂಗಣಕ್ಕೆ ತಂದ.

"ಸೂಜಿ ಹೊಸದು, ಪಟ್ಟಿ ಹೊಸದು. ಇನ್ನೂ ಏನೇನು ಕೆಟ್ಟಿತ್ತೋ ಎಲ್ಲ ಸರಿ ಮಾಡಿದ್ದೀನಿ ಸರ್. ನೀವು ಹೇಳದೆ ಇದ್ದಿದ್ದನ್ನೂ ಮಾಡಿದ್ದೀನಿ," ಎಂದು ಹೇಳಿ, ತನ್ನ ಕೆಲಸದ ಫಲ ಕೇಳಿ ಹೋಗೋಣವೆಂದು ಹಿಂದಿನ ಸಾಲಿನಲ್ಲಿ ಕೂತ.

ಹೇಳದೆ ಇದ್ದದ್ದು ಏನು ಎಂದು ಕೇಳಲು ಮುದ್ರಪ್ಪನವರಿಗೆ ಪುರುಸೊತ್ತಿರಲಿಲ್ಲ. ನಿರ್ದೇಶಕರು ಬಂದಿದ್ದರು. ಸಭಾಂಗಣ ತುಂಬಿತ್ತು. ಅವರು ಎಂದೋ ಮುದ್ರೆ ಹಾಕಿದ ಅಂಗಡಿಯವರೆಲ್ಲ ಬಂದಿದ್ದರು. ಈ ಮನುಷ್ಯ ನಿಜವಾಗಿಯೂ ನಿವೃತ್ತನಾಗುತ್ತಾನೆಯೇ ಎಂದು ಕಣ್ಣಾರೆ ನೋಡುವ ಆಸೆ ಅವರಿಗೆ. ಭಾವಮೈದುನನೂ ಬಂದು ಅಕ್ಕನ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದ. ಸಾಹೇಬರು ದೂರದ ಗೆಳೆಯರಿಗೆಂದು ತಮ್ಮ ಫೋನನ್ನು ಪೆಟ್ಟಿಗೆಯ ಪಕ್ಕ ಇಟ್ಟಿದ್ದರು.

ಮುದ್ರಪ್ಪನವರು ಎದ್ದು ನಿಂತರು. "ಇದರಲ್ಲಿ ಎಂಟು ಮಾತಿದೆ," ಎಂದರು. "ಅದರ ಅರ್ಥ ನನಗೆ ಗೊತ್ತಿಲ್ಲ. ಆದ್ರೆ ಕಷ್ಟ ಬಂದಾಗೆಲ್ಲ ಆ ಎಂಟನ್ನ ಮನಸ್ಸಲ್ಲಿ ಹೇಳ್ಕೊಂಡಿದ್ದೀನಿ. ನಮ್ಮ ಮಾವನವರು ತೀರ್ಕೊಂಡಾಗ, ಬಂದವರೆಲ್ಲ ಏನೇನೋ ಹೇಳ್ತಿದ್ರು. ನನಗೆ ಬೇರೆ ಮಾತು ಬರಲಿಲ್ಲ, ಅವರ ತಲೆ ಹತ್ರ ನಿಂತು ಈ ಎಂಟನ್ನೇ ಹೇಳಿದೆ."

ಭಾವಮೈದುನ ತಲೆ ತಗ್ಗಿಸಿದ. ಸತ್ತವರು ಅವನ ತಂದೆ. ಭಾವನ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ದಿನದ ಆ ಮಾತುಗಳನ್ನು ಅವನೂ ಮರೆತಿರಲಿಲ್ಲ. ಅವನ ಅಂಗಡಿಯಲ್ಲಿ ತಂದೆಯ ಫೋಟೋದ ಕೆಳಗೆ ಆ ಎಂಟೂ ಮಾತನ್ನು ಚೌಕಟ್ಟು ಹಾಕಿಸಿ ಇಟ್ಟಿದ್ದ.

ಮುದ್ರಪ್ಪನವರು ಸೂಜಿ ಇಟ್ಟು ಕಣ್ಣು ಮುಚ್ಚಿದರು.

ಪೀಪೀಪೀ ಎಂದು ಒಂದು ಸೀಟಿ ಊದಿತು. ಟಕಟಕ ಟಕಟಕ ಎಂದು ಒಂದು ಪುಟ್ಟ ಡೋಲು ಓಡತೊಡಗಿತು. ಅದರ ಹಿಂದೆಯೇ ಒಂದು ದಂಡು ಮಕ್ಕಳು ಕಿರುಚಿಕೊಂಡವು: "ಉನ್ ತೊರ್ ಮಲ್ಕ್ ಸಿಪ್! ಪೆಡ್ ಅಶ್ಕ ರುಮ್ ಓತ್!" ಮತ್ತೆ ಸೀಟಿ. ಮತ್ತೆ ಮಕ್ಕಳು. ಯಾವುದೋ ಗಂಡಸು ಉತ್ಸಾಹದಿಂದ ಏನೋ ಆಜ್ಞೆ ಮಾಡಿದ. ಧಪಧಪ ಎಂದು ಎಲ್ಲರೂ ಜಿಗಿದ ಸದ್ದು ಬಂತು.

ಮುದ್ರಪ್ಪನವರು ಕಣ್ಣು ಬಿಟ್ಟರು. ಹೊಸ ಸಾಹೇಬರು ತಮ್ಮ ಬೂಟುಗಳನ್ನು ಪರೀಕ್ಷಿಸುತ್ತಿದ್ದರು. ಅವರಿಗೆ ಆಗಲೇ ಎಲ್ಲ ಅರ್ಥವಾಗಿತ್ತು, ಮತ್ತು ಅವರು ಒಳ್ಳೆಯವರಾದ್ದರಿಂದ ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿಕೊಂಡಿದ್ದರು.

"ಇದು ಅದಲ್ಲ," ಎಂದರು ಮುದ್ರಪ್ಪನವರು. "ಇದು ಆತುರ. ಯಂತ್ರ ಕೆಟ್ಟಿದೆ."

ರಿಪೇರಿಯವನು ಕುರ್ಚಿ ಬೀಳುವಂತೆ ಎದ್ದ. "ಕೆಟ್ಟಿದೆಯಾ? ನನ್ನ ಕೈಯಲ್ಲಿ ರಿಪೇರಿಯಾದದ್ದು ಕೆಟ್ಟಿದೆಯಾ? ವೇಗದ ಹಿಡಿ ತುಕ್ಕು ಹಿಡಿದು ಹದಿನಾರರ ಮೇಲೆ ಕೂತಿತ್ತು. ಬಿಡಿಸಿ, ಎಣ್ಣೆ ಹಾಕಿ, ಮೂವತ್ತಮೂರಕ್ಕೆ ತಂದಿದ್ದೀನಿ. ತಟ್ಟೆ ಮೇಲೆ ಮೂವತ್ತಮೂರು ಅಂತ ಬರೆದಿಲ್ವಾ? ಅದು ತಟ್ಟೆ ನಿಮಿಷಕ್ಕೆ ಸುತ್ತಬೇಕಾದ ಸುತ್ತು. ಅನುಮಾನ ಇದ್ರೆ ಅಳೆದು ನೋಡಿ. ಇದು ಅಳತೆ ಆಫೀಸು ತಾನೇ?"

"ನ್ಯಾಯವಾದ ಮಾತು," ಎಂದರು ನಿರ್ದೇಶಕರು. "ಅಳೆಯಿರಿ."

ಯಾರು ಅಳೆಯುವುದು? ಆ ಜಿಲ್ಲೆಯಲ್ಲಿ ಅಳತೆಯ ಅಧಿಕಾರವಿದ್ದದ್ದು, ಆ ಸಂಜೆ ಮುಗಿಯುವವರೆಗೆ, ಒಬ್ಬರಿಗೇ. ಮುದ್ರಪ್ಪನವರು ಸೂಜಿ ಎತ್ತಿ, ತಟ್ಟೆಯ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿದರು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಫ್ಯಾನ್ ನಿಲ್ಲಿಸಲು ಹೇಳಿದರು. ತಟ್ಟೆ ತಿರುಗಿತು, ಅವರ ತುಟಿ ಎಣಿಸಿತು. ಸಭೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಆ ನಿಮಿಷದಲ್ಲಿ ಅವರು ಒಂದು ಸುಳ್ಳು ಹೇಳಿದ್ದರೆ ರಿಪೇರಿಯವನೊಬ್ಬನನ್ನು ಬಿಟ್ಟು ಎಲ್ಲರೂ ನಂಬುತ್ತಿದ್ದರು.

"ಮೂವತ್ತಮೂರು ಸುತ್ತು, ಮೇಲೊಂದು ಚೂರು," ಎಂದರು ಮುದ್ರಪ್ಪನವರು. ಗಡಿಯಾರ ಎತ್ತಿ ಕೈಗೆ ಕಟ್ಟಿಕೊಂಡರು. "ಯಂತ್ರ ಸರಿಯಾಗಿದೆ."

ರಿಪೇರಿಯವನು ಕೂತ. ಬದಲಿಗೆ ಭಾವಮೈದುನ ಎದ್ದ.

"ಭಾವ, ಒಂದು ನಿಮಿಷ. ಈ ಮಕ್ಕಳು ಕಸರತ್ತು ಮಾಡ್ತಿದಾವೆ ಅಲ್ವಾ? ಸೀಟಿ ಊದ್ತಾರೆ, ಎಂಟು ಸಲ ಕುಣೀತಾವೆ. ಹಾಗಾದ್ರೆ ಅವು ಹೇಳ್ತಿರೋದು..." ಅವನು ಬೆರಳು ಮಡಿಸಿದ. ಎಲ್ಲರೂ ನೋಡುತ್ತಿದ್ದಂತೆ ಎಂಟು ಬೆರಳು ಮಡಿಸಿ ಮುಗಿಸಿದ. "ಎಣಿಸ್ತಿದಾವೆ! ನಮ್ಮಪ್ಪನ ತಲೆ ಹತ್ರ ನಿಂತು ನೀವು ಒಂದರಿಂದ ಎಂಟರವರೆಗೆ ಎಣಿಸಿದ್ರಾ ಭಾವ?"

ಮೊದಲು ನಕ್ಕವನು ಡ್ರೈವರ್. ಆಮೇಲೆ ಬಟ್ಟೆ ಅಂಗಡಿಯವನು, ಬಂಕಿನವನು, ಗೋದಾಮಿನವನು. ಆಮೇಲೆ ಯಾರು ನಕ್ಕರು ಎನ್ನುವುದಕ್ಕಿಂತ ಯಾರು ನಗಲಿಲ್ಲ ಎಂದು ಹೇಳುವುದು ಸುಲಭ. ನಿರ್ದೇಶಕರು ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕೆಮ್ಮಿದಂತೆ ಮಾಡಿದರು. ಟೈಪಿಸ್ಟ್ ಕಣ್ಣೊರೆಸಿಕೊಂಡಳು. ಅಷ್ಟು ವರ್ಷ ತಕ್ಕಡಿ ಹೊತ್ತು ಆ ಕಚೇರಿಯ ಮೆಟ್ಟಿಲು ಹತ್ತಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನನ್ನ ತಕ್ಕಡಿ ಕೂದಲೆಳೆ ತಪ್ಪಿದ್ದಕ್ಕೆ ಗೋದಾಮು ಸೇರ್ತು," ಎಂದು ಭಾವಮೈದುನ ಸಭೆಯ ಕಡೆ ತಿರುಗಿ ಹೇಳಿದ. "ಇವರದು ಅರ್ಧಕ್ಕರ್ಧ ತಪ್ಪು! ವಯಸ್ಸಲ್ಲಿ ಕೇಳಿದ್ದೆಲ್ಲ ತಪ್ಪು!"

ಮುದ್ರಪ್ಪನವರು ತಟ್ಟೆಯನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ಎಲ್ಲಿ ಇಡಬೇಕೆಂದು ಅವರಿಗೆ ತೋಚಲಿಲ್ಲ. ಅವರಿಗೆ ಅಳು ಬರುತ್ತಿತ್ತು, ಆದರೆ ನಿವೃತ್ತಿಯ ದಿನ ಎಲ್ಲರಿಗೂ ಅಳು ಬರುವುದರಿಂದ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಆಗ ಅವರ ಹೆಂಡತಿ ಎದ್ದು ಬಂದರು. ನಗುತ್ತಿದ್ದವರ ನಡುವೆ ಯಾವ ಅವಸರವೂ ಇಲ್ಲದೆ ನಡೆದು ಮೇಜಿನ ಹತ್ತಿರ ನಿಂತರು.

"ಸ್ವಲ್ಪ ಸುಮ್ನಿರ್ತೀರಾ ಎಲ್ಲರೂ?" ಎಂದರು. ಎಲ್ಲರೂ ಸುಮ್ಮನಾದರು. "ಇವರು ನಮ್ಮ ಮನೆ ಮೇಲಿನ ಕೋಣೇಲಿ ಬಾಡಿಗೆಗೆ ಇದ್ರು. ಸೂರು ಅದುರುತ್ತೆ, ನಿಲ್ಲಿಸಿ ಅಂತ ಹೇಳೋಕೆ ನಾನೇ ಮೇಲೆ ಹೋದೆ. ಇವರು ಒಂದು ಕುರ್ಚಿ ತೋರಿಸಿ, ಶ್ಶ್ ಅಂದ್ರು. ಬಯ್ಯೋಣ ಅಂತ ಕೂತೆ. ನಲವತ್ತು ನಿಮಿಷ ನಾವಿಬ್ರೂ ಒಂದು ಮಾತಾಡಲಿಲ್ಲ. ಆ ವಯಸ್ಸಲ್ಲಿ ನಾನು ನೋಡಿದ ಹುಡುಗರೆಲ್ಲ ತಮ್ಮ ಬಗ್ಗೆನೇ ಬಡಾಯಿ ಕೊಚ್ತಿದ್ರು. ನನ್ನ ಜೊತೆ ಸುಮ್ನೆ ಕೂರೋಕೆ ಬಂದಿದ್ದು ಇವರೊಬ್ಬರಿಗೇ." ಅವರು ತಮ್ಮನ ಕಡೆ ನೋಡಿದರು. "ನಾನು ಮದುವೆ ಆಗಿದ್ದು ಆ ಹಾಡು ಕೇಳಿ ಕಣೋ, ಈ ಹಾಡಲ್ಲ. ಈ ಹಾಡು ಕೇಳಿದ್ರೆ ಬಾಗಿಲು ಮುಚ್ಕೊಂಡು ಕೆಳಗಿಳಿದು ಬರ್ತಿದ್ದೆ. ರೀ, ಆ ತಟ್ಟೆ ಇಲ್ಲಿ ಕೊಡಿ."

ಅವರು ತಟ್ಟೆಯನ್ನು ತಿರುಗಣೆಯ ಮೇಲಿಟ್ಟರು. ಹಿಡಿಯನ್ನು ಹದಿನಾರಕ್ಕೆ ತಳ್ಳಿದರು. ರಿಪೇರಿಯವನು ಅಷ್ಟು ಚೆನ್ನಾಗಿ ಎಣ್ಣೆ ಹಾಕಿದ್ದರಿಂದ ಅದು ಬೆರಳು ಸೋಕಿದೊಡನೆ ಜಾರಿ ಕೂತಿತು. ಅವರೇ ಸೂಜಿಯನ್ನೂ ಇಟ್ಟರು.

ಸೀಟಿ ಊಳಾಯಿತು. ದೂರದಲ್ಲಿ, ಬಹಳ ದೂರದಲ್ಲಿ, ಆ ದೊಡ್ಡ ಪ್ರಾಣಿ ಕೂಗಿತು. ಡೋಲಿನ ಒಂದು ಪೆಟ್ಟು ಬಿತ್ತು. ಸಭೆ ಇನ್ನೊಂದಕ್ಕಾಗಿ ಕಾದಿತು. ಬಾರದೇನೋ ಎಂದುಕೊಳ್ಳುವಷ್ಟರಲ್ಲಿ ಬಂತು. ಜಿಗಿದ ಪಾದಗಳು ಬೆಟ್ಟ ಕುಸಿದಂತೆ ಕೇಳಿಸಿದವು. ಆಮೇಲೆ ಆ ಗಂಡಸರು, ಪ್ರಪಂಚದ ಎಲ್ಲ ದುಃಖ ಕಂಡವರು, ಊ...ನ್, ತೋ...ರ್, ಮಾ...ಲ್ಕ್ ಎಂದರು. ಅದು ಎಣಿಕೆ ಎಂದು ಈಗ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಒಬ್ಬರೂ ನಗಲಿಲ್ಲ. ಇಷ್ಟು ದುಃಖದಿಂದ ಒಬ್ಬರು ಎಂಟರವರೆಗೆ ಎಣಿಸಬೇಕಾದರೆ ಅವರು ಏನನ್ನು ಕಳೆದುಕೊಂಡಿರಬೇಕು ಎಂದು ಬಂಕಿನವನು ಯೋಚಿಸತೊಡಗಿದ.

ಸಾಹೇಬರು ಯಾವಾಗಲೋ ಫೋನನ್ನು ಮತ್ತೆ ಹೊರಗಿಟ್ಟಿದ್ದರು. ಅವರ ಕನ್ನಡಕದ ಕೆಳಗಿಂದ ನೀರು ಇಳಿಯುತ್ತಿತ್ತು. ಡ್ರೈವರ್ ಬಾಯಿ ತೆರೆದು ಕೂತಿದ್ದ. ಮುದ್ರಪ್ಪನವರೂ ಹೆಂಡತಿಯೂ ಎರಡು ಕುರ್ಚಿಯಲ್ಲಿ, ಒಬ್ಬರನ್ನೊಬ್ಬರು ನೋಡದೆ, ಸುಮ್ಮನೆ ಕೂತಿದ್ದರು. ನಲವತ್ತು ನಿಮಿಷ ಯಾರೂ ಕೆಮ್ಮಲಿಲ್ಲ.

ಕೊನೆಯ ಓ...ತ್ ಮುಗಿದು ಸೂಜಿ ಕರಕರ ಎಂದಾಗ ನಿರ್ದೇಶಕರು ಗಂಟಲು ಸರಿಮಾಡಿಕೊಂಡರು.

"ಉಳಿದವರೆಲ್ಲ ನಿಜಕ್ಕೂ ಆತುರಗಾರರು ಕಣ್ರೀ," ಎಂದರು.

ಮುದ್ರಪ್ಪನವರು ಎದ್ದರು. ಜೇಬಿನಿಂದ ಇಕ್ಕಳ ತೆಗೆದರು. ಮರುದಿನ ಬೆಳಗ್ಗೆ ಅದನ್ನು ಕಚೇರಿಗೆ ಒಪ್ಪಿಸಬೇಕಿತ್ತು. ಆ ಸಂಜೆ ಇನ್ನೂ ಅವರದೇ. ಹಿಡಿಯನ್ನು ಹದಿನಾರರ ಮೇಲೆ ಬಿಗಿಯಾಗಿ ಒತ್ತಿ, ಸುತ್ತ ತಂತಿ ಬಿಗಿದು, ತುದಿಗೆ ಸೀಸದ ಬಿಲ್ಲೆ ಸಿಕ್ಕಿಸಿದರು. ಸಭೆಗೆ ಅವರು ಏನು ಮಾಡಲು ಹೊರಟಿದ್ದಾರೆಂದು ಅರ್ಥವಾಗುವಷ್ಟರಲ್ಲಿ ಇಕ್ಕಳ ಕಟ್ ಎಂದಿತು. ಇಲಾಖೆಯ ಮುದ್ರೆ ಬಿದ್ದಿತ್ತು.

"ಭಾವ!" ಭಾವಮೈದುನ ಹೌಹಾರಿ ಎದ್ದ. ಈ ಸಲ ಅವನ ದನಿಯಲ್ಲಿ ನಗುವಿರಲಿಲ್ಲ, ನಿಜವಾದ ನೋವಿತ್ತು. "ಇದು ಅನ್ಯಾಯ. ನೀವೇ ಅಳೆದಿರಿ, ನೀವೇ ಹೇಳಿದಿರಿ. ಕೂದಲೆಳೆಗೆ ನನಗೆ ಮುದ್ರೆ ಕೊಡದೆ ಇರೋರು, ಇಷ್ಟು ದೊಡ್ಡ ತಪ್ಪಿಗೆ ಹೇಗೆ ಕೊಟ್ರಿ?"

ನಿರ್ದೇಶಕರೂ ಮುಂದೆ ಬಾಗಿದರು. ಪ್ರಶ್ನೆ ಕಾನೂನಿನದಾಗಿತ್ತು.

ಮುದ್ರಪ್ಪನವರು ಇಕ್ಕಳವನ್ನು ಒರೆಸಿ ಜೇಬಿಗಿಟ್ಟರು. ಆತುರಪಡದೆ ಉತ್ತರ ಕೊಟ್ಟರು.

"ನಿನ್ನ ತಕ್ಕಡಿ ಗಿರಾಕಿಗೆ ಕಡಿಮೆ ಕೊಡ್ತಿತ್ತು ಕಣಪ್ಪ. ಇದು ಎರಡರಷ್ಟು ಕೊಡುತ್ತೆ."

ಭಾವಮೈದುನನದು ಮೂವತ್ತು ವರ್ಷ ವ್ಯಾಪಾರ ಮಾಡಿದ ತಲೆ. ಲೆಕ್ಕವನ್ನು ಆ ಕಡೆಯಿಂದ ಈ ಕಡೆಯಿಂದ ತೂಗಿ ನೋಡಿದ. ಎಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸ ಸಿಗಲಿಲ್ಲ. ಕೊನೆಗೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಈ ಸಲ ತುದಿಯಲ್ಲಲ್ಲ, ಬೆನ್ನು ಪೂರ್ತಿ ಒರಗಿಸಿಕೊಂಡು ಕೂತ.

"ಸರಿ, ಇನ್ನೊಂದು ಬದೀನೂ ಹಾಕಿ ಭಾವ," ಎಂದ. "ಅಕ್ಕ, ಮುಗಿಯೋದು ತಡ ಆಗುತ್ತೆ. ರಾತ್ರಿ ಊಟ ನಿಮ್ಮನೇಲೇ ಮಾಡ್ತೀನಿ."